ಚಿಕ್ಕ ಮಕ್ಕಳ ಪೋಷಣಾ ಜ್ಞಾನವನ್ನು ಅಳೆಯುವ ಬಗೆ: ಕಿರಿಯ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಒಂದು ವಿವರಣೆ

ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ 2002ರ ಜೂನ್ ತಿಂಗಳಲ್ಲಿ ಆರಂಭಗೊಂಡ ಅಕ್ಷರ ದಾಸೋಹ ಯೋಜನೆಯು ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಬಂದಿತು. ತರುವಾಯ ಮೊಟ್ಟೆ ಅಥವಾ ಬಾಳೆಹಣ್ಣು, 2024ರಿಂದ ರಾಗಿ ಮಾಲ್ಟ್ ಸೇರಿದವು. ಇಂದು ಮಗುವಿನ ತಟ್ಟೆಗೆ ಏನು ಬೀಳಬೇಕೆಂಬುದಕ್ಕೆ ತೂಕವುಂಟು, ಲೆಕ್ಕವುಂಟು. 1ರಿಂದ 5ನೆಯ ತರಗತಿಯ ಮಗುವಿಗೆ ದಿನವೊಂದಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟಾರೆ 450 ಕಿಲೋ ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನ್. ಆದರೆ ತಟ್ಟೆಯ ಮುಂದೆ ಕುಳಿತ ಮಗುವಿಗೆ ತಾನು ತಿನ್ನುತ್ತಿರುವುದರ ಬಗ್ಗೆ ಏನು ತಿಳಿದಿದೆ ಎಂಬುದನ್ನು ತೂಗುವ ತಕ್ಕಡಿ ನಮ್ಮ ಅಡುಗೆ ಕೋಣೆಯಲ್ಲಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಪೋಷಣ ಮಾಸಾಚರಣೆಯ ಅಂಗವಾಗಿ ಶಾಲೆಗಳಲ್ಲಿ ಭಿತ್ತಿಪತ್ರ, ಪ್ರಭಾತ ಫೇರಿ, ರಸಪ್ರಶ್ನೆಗಳು ನಡೆಯುತ್ತವೆ. ಕೊನೆಗೆ ವರದಿಯಲ್ಲಿ ಒಂದು ಸಾಲು ಇರುತ್ತದೆ: ಶೇಕಡಾ ಇಷ್ಟು ಮಕ್ಕಳಿಗೆ ಪೌಷ್ಟಿಕ ಆಹಾರದ ಅರಿವು ಇರುವುದು ಕಂಡುಬಂದಿದೆ. ಈ ಶೇಕಡಾವಾರು ಅಂಕಿ ನಿಜವಾಗಿ ಯಾವುದನ್ನು ಅಳೆದಿದೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ಇದು ಆದೇಶವಲ್ಲ, ಯಾವ ನಮೂನೆಯನ್ನೂ ಭರ್ತಿ ಮಾಡಿ ಕಳುಹಿಸಬೇಕಾಗಿಲ್ಲ. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇಂಥ ಪ್ರಶ್ನೆಗಳನ್ನು ಕೇಳುವ ಸಂದರ್ಭ ಒದಗಿದಾಗ ಶಿಕ್ಷಕರಿಗೆ ಉಪಯುಕ್ತವಾಗಲಿ ಎಂದು ಬರೆದದ್ದು.

ಒಂದು ಶಾಲೆಯ ಎರಡನೆಯ ತರಗತಿಯಲ್ಲಿ ಕಂಡ ಸಂಗತಿಯಿಂದ ಆರಂಭಿಸುವುದು ಉಚಿತ. ಮಕ್ಕಳಿಗೆ ಇನ್ನೂ ಸರಾಗವಾಗಿ ಓದಲು ಬಾರದ ಕಾರಣ ಹತ್ತು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿ, ಹೌದು ಅಥವಾ ಇಲ್ಲ ಎಂದು ಉತ್ತರ ಪಡೆಯಲಾಗುತ್ತಿತ್ತು. ಸೊಪ್ಪು ತಿನ್ನಬೇಕೇ? ಹೌದು. ಹಾಲು ಕುಡಿಯಬೇಕೇ? ಹೌದು. ಕೈ ತೊಳೆಯಬೇಕೇ? ಹೌದು. ಇಡೀ ತರಗತಿ ಒಂದೇ ಕಂಠದಲ್ಲಿ ಉತ್ತರಿಸುತ್ತಿತ್ತು. ಏಳನೆಯ ಪ್ರಶ್ನೆ ಬರೀ ಅನ್ನ ತಿಂದರೆ ಸಾಕೇ ಎಂಬುದು. ಅದಕ್ಕೂ ಅದೇ ಉತ್ಸಾಹದ ಹೌದು. ಶಿಕ್ಷಕಿ ಹುಬ್ಬೇರಿಸಿದರು, ಮರುಕ್ಷಣವೇ ತರಗತಿ ಇಲ್ಲ ಎಂದಿತು. ಹಾಳೆಯಲ್ಲಿ ಎಲ್ಲರಿಗೂ ಹತ್ತಕ್ಕೆ ಹತ್ತು ದೊರೆಯಿತು.

ಶಿಕ್ಷಕಿಯದು ತಪ್ಪೆಂದು ಹೇಳುತ್ತಿಲ್ಲ. ಚಿಕ್ಕ ಮಕ್ಕಳಲ್ಲಿ ಹಿರಿಯರು ಕೇಳಿದ್ದಕ್ಕೆಲ್ಲ ಹೌದು ಎನ್ನುವ ಒಲವು ಸಹಜವಾದುದು. ಹಿರಿಯರ ಮುಖಭಾವವನ್ನು ಓದುವುದರಲ್ಲಿ ಅವರು ನಿಪುಣರು. ಆ ಹತ್ತು ಪ್ರಶ್ನೆಗಳು ಅಳೆದದ್ದು ಈ ನಿಪುಣತೆಯನ್ನೇ ಹೊರತು ಆಹಾರದ ಅರಿವನ್ನಲ್ಲ. ಇದನ್ನು ಲೆಕ್ಕದ ಮೂಲಕವೂ ನೋಡಬಹುದು. ಏನೂ ತಿಳಿಯದ ಮಗು ನಾಣ್ಯ ಚಿಮ್ಮಿದಂತೆ ಉತ್ತರ ಹೇಳಿದರೂ ಹೌದು ಇಲ್ಲ ಮಾದರಿಯ ಹತ್ತು ಪ್ರಶ್ನೆಗಳಲ್ಲಿ ಸರಾಸರಿ ಐದು ಸರಿಯಾಗುತ್ತವೆ. ಆರು ಅಥವಾ ಹೆಚ್ಚು ಅಂಕ ಬಂದವರಿಗೆ ಅರಿವಿದೆ ಎಂದು ನಿರ್ಧರಿಸಿದರೆ, ಬರಿಯ ಊಹೆಯಿಂದಲೇ ನೂರರಲ್ಲಿ ಸುಮಾರು 38 ಮಕ್ಕಳು ಉತ್ತೀರ್ಣರಾಗುತ್ತಾರೆ. ಮೂವತ್ತು ಮಕ್ಕಳ ತರಗತಿಯಲ್ಲಿ ಇದು ಸುಮಾರು 11. ಅದೇ ಪ್ರಶ್ನೆಗೆ ಎರಡರ ಬದಲು ಮೂರು ಆಯ್ಕೆಗಳನ್ನು ಕೊಟ್ಟರೆ ಊಹೆಯಿಂದ ಆರು ದಾಟುವವರ ಪ್ರಮಾಣ ನೂರಕ್ಕೆ ಸುಮಾರು 8ಕ್ಕೆ ಇಳಿಯುತ್ತದೆ. ಒಂದು ಆಯ್ಕೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಇಷ್ಟು ವ್ಯತ್ಯಾಸ.

ಅಂಕಿ ತಪ್ಪಾದರೆ ಆಗುವ ನಷ್ಟವೇನು ಎಂದು ಕೇಳಬಹುದು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಶೇ. 24ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇನ್ನೂ ಚಿಕ್ಕವರ ಸ್ಥಿತಿ ಮತ್ತಷ್ಟು ಕಳವಳಕಾರಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಆ ಮಕ್ಕಳೇ ತರುವಾಯ ನಮ್ಮ ಪ್ರಾಥಮಿಕ ತರಗತಿಗಳಿಗೆ ಬಂದರು. ಅರಿವಿನ ಅಂಕಿ ಸುಳ್ಳಾಗಿ ಮೇಲಿದ್ದರೆ ಕಲಿಸುವುದು ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಸುಳ್ಳಾಗಿ ಕೆಳಗಿದ್ದರೆ ದೋಷವನ್ನು ಮನೆಯ ಮೇಲೆ, ತಾಯಿಯ ಮೇಲೆ ಹೊರಿಸುತ್ತೇವೆ. ಎರಡನೆಯದು ಹೆಚ್ಚು ಕ್ರೂರವಾದುದು.

ಮಗುವಿನ ತಿಳಿವಳಿಕೆ ಎಂದರೆ ಯಾವುದು

ಈ ವಯಸ್ಸಿನ ಮಗು ಕಾಣುವ, ಮುಟ್ಟುವ ವಸ್ತುಗಳ ಮೂಲಕ ಯೋಚಿಸುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅವರ ನೀರಿನ ಲೋಟಗಳ ಪ್ರಯೋಗವನ್ನು ತರಬೇತಿಯ ದಿನಗಳಲ್ಲಿ ನಾವೆಲ್ಲ ಓದಿದ್ದೇವೆ: ಅಗಲ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಅಂಥ ಮಗುವಿಗೆ ಕಣ್ಣಿಗೆ ಕಾಣದ ಪ್ರೋಟೀನ್, ಜೀವಸತ್ವಗಳು ಕೇವಲ ಶಬ್ದಗಳು. ಬೇಳೆಯಲ್ಲಿ ಪ್ರೋಟೀನ್ ಇದೆ ಎಂದು ಪಾಠ ಒಪ್ಪಿಸಿದ ಮಗುವಿಗೂ, ಬೇಳೆ ತಿಂದರೆ ಮೈ ಬೆಳೆಯುತ್ತದೆ ಎಂದು ತನ್ನ ಮಾತಿನಲ್ಲಿ ಹೇಳಿದ ಮಗುವಿಗೂ ಪ್ರಶ್ನೆಪತ್ರಿಕೆಯಲ್ಲಿ ಬೇರೆ ಬೇರೆ ಅಂಕ ಬೀಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ತಿಳಿದದ್ದು ಎರಡನೆಯ ಮಗುವಿಗೆ.

ಆದ್ದರಿಂದ ಈ ಹಂತದಲ್ಲಿ ತಿಳಿವಳಿಕೆಯೆಂದರೆ ಆಹಾರವನ್ನು ಗುರುತಿಸಿ ಹೆಸರಿಸುವುದು, ಒಂದರೊಡನೆ ಒಂದನ್ನು ಗುಂಪು ಮಾಡುವುದು, ಎರಡು ತಟ್ಟೆಗಳಲ್ಲಿ ಒಳ್ಳೆಯದನ್ನು ಆರಿಸುವುದು, ಆರಿಸಿದ್ದಕ್ಕೆ ತನಗೆ ತೋಚಿದ ಕಾರಣ ಹೇಳುವುದು. ಇವುಗಳಲ್ಲಿ ಕಾರಣ ಹೇಳುವುದೇ ಅತಿ ಕಷ್ಟದ್ದು, ಅತಿ ಬೆಲೆಯುಳ್ಳದ್ದು.

ಗುಂಪು ಮಾಡಿಸುವ ಚಟುವಟಿಕೆಯಲ್ಲಿ ನಾವೇ ಎಡವುವ ಸಂಭವವಿದೆ. ಶಕ್ತಿ ನೀಡುವ, ದೇಹ ಬೆಳೆಸುವ, ರೋಗದಿಂದ ರಕ್ಷಿಸುವ ಆಹಾರಗಳೆಂಬ ಮೂರು ಗುಂಪುಗಳು ನಮ್ಮ ಪಾಠಗಳಲ್ಲಿ ರೂಢಿಯಲ್ಲಿವೆ. ರಾಗಿಯನ್ನು ಎಲ್ಲಿ ಇಡುವುದು? ಉತ್ತರಸೂಚಿ ಅದನ್ನು ಧಾನ್ಯವೆಂದು ಶಕ್ತಿಯ ಗುಂಪಿಗೆ ಸೇರಿಸುತ್ತದೆ. ಆದರೆ ಮಗು ಅದನ್ನು ಮೈ ಬೆಳೆಸುವ ಗುಂಪಿಗೆ ಹಾಕಿ, ಮೂಳೆ ಗಟ್ಟಿಯಾಗುತ್ತದಂತೆ, ಅಜ್ಜಿ ಹೇಳಿದ್ದಾರೆ ಎಂದರೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಅಜ್ಜಿ ಹೇಳಿದ್ದು ಸರಿ, ಮಗು ಹೇಳಿದ್ದು ಸರಿ. ಉತ್ತರಸೂಚಿ ಮಾತ್ರ ಆ ಮಗುವಿಗೆ ಸೊನ್ನೆ ಕೊಡುತ್ತದೆ. ಶೇಂಗಾ, ಹಾಲು ಇವುಗಳ ಪಾಡೂ ಇದೇ: ಎರಡು ಗುಂಪುಗಳಿಗೆ ಸಲ್ಲುವ ವಸ್ತುಗಳಿವು. ಬಾಳೆಹಣ್ಣನ್ನು ಹಣ್ಣೆಂದು ರಕ್ಷಿಸುವ ಗುಂಪಿಗೆ ಸೇರಿಸಿದರೂ ಅದು ಧಾರಾಳವಾಗಿ ಶಕ್ತಿ ಕೊಡುತ್ತದೆ. ಇಂಥವುಗಳನ್ನು ಪರೀಕ್ಷೆಯಿಂದ ಕೈಬಿಡಬೇಕು, ಇಲ್ಲವೇ ಕಾರಣ ಕೇಳಿ, ಕಾರಣ ಸರಿಯಿದ್ದರೆ ಎರಡೂ ಉತ್ತರಗಳನ್ನು ಒಪ್ಪಬೇಕು. ಪ್ರಶ್ನೆಗಳನ್ನು ಸಿದ್ಧಪಡಿಸುವ ಶಿಕ್ಷಕರು ನಾಲ್ವರು ಒಂದೆಡೆ ಕುಳಿತು ಪ್ರತಿ ಉತ್ತರದ ಬಗ್ಗೆ ವಾದ ಮಾಡುವುದು ಒಳ್ಳೆಯದು. ನಾಲ್ವರಲ್ಲಿ ಒಮ್ಮತ ಮೂಡದ ಪ್ರಶ್ನೆಯನ್ನು ಏಳು ವರ್ಷದ ಮಗುವಿಗೆ ಕೇಳುವುದು ನ್ಯಾಯವಲ್ಲ.

ಮಾತು ಮತ್ತು ಚಿತ್ರ

ಬೆಂಗಳೂರಿನಲ್ಲೋ ದೆಹಲಿಯಲ್ಲೋ ಸಿದ್ಧವಾದ ಪ್ರಶ್ನಾವಳಿಯನ್ನು ಹಾಗೆಯೇ ಬಳಸುವುದರಿಂದ ಆಗುವ ತೊಡಕುಗಳಲ್ಲಿ ಮೊದಲನೆಯದು ಹೆಸರುಗಳದ್ದು. ನಮ್ಮ ಭಾಷೆ ಒಂದೇ ಆದರೂ ಅಡುಗೆ ಮನೆಯ ಮಾತು ಒಂದಲ್ಲ. ಮೈಸೂರಿನ ಕಡೆಯ ಮೊಟ್ಟೆ ಧಾರವಾಡದ ಕಡೆಗೆ ತತ್ತಿ, ಕಡಲೆಕಾಯಿ ಶೇಂಗಾ, ಈರುಳ್ಳಿ ಉಳ್ಳಾಗಡ್ಡಿ, ಕ್ಯಾರೆಟ್ ಗಜ್ಜರಿ, ಗೋರಿಕಾಯಿ ಚವಳಿಕಾಯಿ. ತರಕಾರಿ ಎಂಬ ಶಬ್ದವನ್ನು ಪುಸ್ತಕದಲ್ಲಿ ಮಾತ್ರ ಕಂಡು, ಮನೆಯಲ್ಲಿ ಕಾಯಿಪಲ್ಲೆ ಎನ್ನುವ ಮಕ್ಕಳು ಸಾವಿರಾರು ಮಂದಿ. ಉತ್ತರ ಕರ್ನಾಟಕದ ಮಗುವಿಗೆ ಹಸಿರು ಸೊಪ್ಪು ಎಂದರೆ ಒಮ್ಮೆಗೆ ಹೊಳೆಯದೆ ಹೋಗಬಹುದು. ತಪ್ಪಲ ಪಲ್ಯ ಎಂದೊಡನೆ ಪುಂಡಿ, ಮೆಂತ್ಯ, ಹತ್ತರಕಿ ಎಂದು ಬೆರಳು ಮಡಚಿ ಎಣಿಸುತ್ತದೆ. ಕರಾವಳಿಯ ಮಗು ಬಸಳೆಯಿಂದ, ಹಳೆಯ ಮೈಸೂರಿನ ಮಗು ಅಣ್ಣೆ, ನುಗ್ಗೆ, ಹೊನಗೊನ್ನೆಗಳಿಂದ ಎಣಿಕೆ ಆರಂಭಿಸೀತು. ತಾಂಡಾದ ಮಗುವಿನ ಮನೆಮಾತು ಲಂಬಾಣಿ, ಇನ್ನೊಂದು ಮಗುವಿನದು ಉರ್ದು, ಮತ್ತೊಂದರದು ತೆಲುಗು, ಮರಾಠಿ ಅಥವಾ ತುಳು. ಪ್ರಶ್ನೆಯ ಮಾತೇ ತಿಳಿಯದ ಮಗು ಸುಮ್ಮನಿದ್ದರೆ ನಾವು ಹಾಳೆಯಲ್ಲಿ ಅರಿವಿಲ್ಲ ಎಂದು ಬರೆಯುತ್ತೇವೆ. ಹಾಗಾಗಿ ಪ್ರಶ್ನಾವಳಿಯ ಪ್ರತಿ ಆಹಾರದ ಮುಂದೆ ಊರಿನ ಹೆಸರನ್ನೂ ಮಕ್ಕಳ ಮನೆಮಾತಿನ ಹೆಸರನ್ನೂ ಬರೆದುಕೊಳ್ಳತಕ್ಕದ್ದು. ಇದಕ್ಕೆ ಯಾವ ತಜ್ಞರೂ ಬೇಡ. ಬಿಸಿಯೂಟದ ಅಡುಗೆಯವರನ್ನು ಕೇಳಿದರೆ ಸಾಕು.

ಮಾತಿನ ತೊಡಕನ್ನು ತಪ್ಪಿಸಲು ಚಿತ್ರಗಳನ್ನು ಬಳಸುವುದು ರೂಢಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳಕೆಯೊಡೆದ ನಲಿ-ಕಲಿ ಪದ್ಧತಿಯ ದೆಸೆಯಿಂದ ನಮ್ಮ ಕಿರಿಯ ತರಗತಿಗಳ ಮಕ್ಕಳಿಗೆ ಕಾರ್ಡುಗಳೊಡನೆ ಕೆಲಸ ಮಾಡಿ ಅಭ್ಯಾಸವಿದೆ. ಇದು ನಮಗೆ ದೊರೆತ ದೊಡ್ಡ ಅನುಕೂಲ. ಆದರೂ ಚಿತ್ರಗಳಿಗೆ ಅವುಗಳದೇ ಮೋಸಗಳುಂಟು. ಕಾರ್ಡಿನಲ್ಲಿ ಕುಂಬಳಕಾಯಿಯೂ ಟೊಮೆಟೊವೂ ಒಂದೇ ಗಾತ್ರ. ಬಟ್ಟಲಿನ ಬೇಳೆಯನ್ನು ಮಗು ಹಳದಿ ನೀರು ಎನ್ನುತ್ತದೆ. ಅಂಗಡಿಯಲ್ಲಿ ದೊರೆಯುವ ಭಿತ್ತಿಪತ್ರಗಳಲ್ಲಿ ಸೇಬು, ಸ್ಟ್ರಾಬೆರಿ, ಬ್ರೊಕೊಲಿಗಳು ಮಿನುಗುತ್ತಿರುತ್ತವೆ; ಸೀಬೆ, ಸೀತಾಫಲ, ಬಾರೆಹಣ್ಣುಗಳು ಇರುವುದಿಲ್ಲ. ತಾನು ಎಂದೂ ಕಾಣದ ಬ್ರೊಕೊಲಿಯನ್ನು ಮಗು ಮರ ಎಂದರೆ ಅದು ಅಜ್ಞಾನವಲ್ಲ, ಒಳ್ಳೆಯ ಅವಲೋಕನ.

ಸಾಧ್ಯವಾದಲ್ಲೆಲ್ಲ ಚಿತ್ರದ ಬದಲು ಪದಾರ್ಥವನ್ನೇ ಇಡುವುದು ಮೇಲು. ಅಡುಗೆ ಕೋಣೆಯಿಂದ ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ರಾಗಿ, ಒಂದು ಮೊಟ್ಟೆ, ಒಂದು ಕಟ್ಟು ಸೊಪ್ಪು, ಒಂದು ಬೆಲ್ಲದ ತುಂಡು ತಂದರೆ ಪರೀಕ್ಷಾ ಸಾಮಗ್ರಿ ಸಿದ್ಧವಾಯಿತು. ಕೆಲಸ ಮುಗಿದ ಮೇಲೆ ಅದು ಮರಳಿ ಪಾತ್ರೆಗೆ ಸೇರುತ್ತದೆ.

ಕೇಳುವ ಕ್ರಮ

ಮಗುವನ್ನು ಒಂಟಿಯಾಗಿ, ಇತರರಿಗೆ ಕೇಳಿಸದಷ್ಟು ದೂರದಲ್ಲಿ, ಆದರೆ ಎಲ್ಲರ ಕಣ್ಣಿಗೆ ಕಾಣುವಂತೆ ಕೂರಿಸಿಕೊಂಡು ಮಾತನಾಡಿಸಬೇಕು. ಜಗುಲಿಯ ಒಂದು ಮೂಲೆ ಸಾಕು. ಎಂಟು ಅಥವಾ ಹತ್ತು ಚಟುವಟಿಕೆಗಳಿಗೆ ಏಳೆಂಟು ನಿಮಿಷ ಹಿಡಿಯುತ್ತದೆ. ಅದಕ್ಕಿಂತ ದೀರ್ಘವಾದರೆ ಮಗುವಿನ ಗಮನ ಕಿಟಕಿಯಾಚೆ ಹೋಗುತ್ತದೆ. ಊಟದ ಗಂಟೆಯ ಮುನ್ನಾ ಸಮಯ ಬೇಡ. ಹಸಿದ ಮಗುವಿನ ಮುಂದೆ ಆಹಾರದ ಕಾರ್ಡು ಹರಡುವುದು ಅಳತೆಯ ದೃಷ್ಟಿಯಿಂದಲೂ ದೋಷ, ಮನುಷ್ಯತ್ವದ ದೃಷ್ಟಿಯಿಂದಲೂ ದೋಷ.

ಪಾಠ ಮಾಡಿದ ಶಿಕ್ಷಕರೇ ಪ್ರಶ್ನೆ ಕೇಳಿದರೆ ಮಗು ಅವರನ್ನು ಮೆಚ್ಚಿಸಲು ಹವಣಿಸುತ್ತದೆ. ಸಮೂಹದ ಎರಡು ಶಾಲೆಗಳ ಶಿಕ್ಷಕರು ಪರಸ್ಪರ ಶಾಲೆ ಬದಲಿಸಿಕೊಂಡು ಕೇಳುವುದು ಉತ್ತಮ. ಆದರೆ ತೀರ ಅಪರಿಚಿತರಾಗಿ ಬಂದು ಕುಳಿತರೆ ಮಗು ಬಾಯಿಯನ್ನೇ ಬಿಡದು. ಬೆಳಿಗ್ಗೆ ಪ್ರಾರ್ಥನೆಗೆ ಬಂದು, ಒಂದು ಆಟ ಆಡಿಸಿ, ಬಳಿಕ ಕೆಲಸಕ್ಕೆ ತೊಡಗಬೇಕು. ಇದು ಪರೀಕ್ಷೆಯಲ್ಲ, ಗೊತ್ತಿಲ್ಲ ಎಂದರೂ ನಡೆಯುತ್ತದೆ ಎಂದು ಮೊದಲೇ ತಿಳಿಸಬೇಕು, ಮತ್ತು ಅದನ್ನು ಪಾಲಿಸಬೇಕು. ಉತ್ತರ ಸರಿಯಾದಾಗ ಭೇಷ್ ಎನ್ನುವುದು, ತಪ್ಪಾದಾಗ ಹೌದಾ ಎಂದು ಎಳೆಯುವುದು ಎರಡೂ ಬೇಡ. ಎಲ್ಲ ಉತ್ತರಗಳಿಗೂ ಒಂದೇ ರೀತಿಯ ತಲೆದೂಗುವಿಕೆ.

ಒಂದು ಮಾದರಿಯನ್ನು ವಿವರಿಸುವುದಾದರೆ: ಮಗುವಿನ ಮುಂದೆ ಮೂರು ತಟ್ಟೆಗಳ ಚಿತ್ರ. ಒಂದರಲ್ಲಿ ಅನ್ನ ಮತ್ತು ಉಪ್ಪಿನಕಾಯಿ, ಇನ್ನೊಂದರಲ್ಲಿ ಅನ್ನ, ಬೇಳೆ ಸಾರು, ಸೊಪ್ಪಿನ ಪಲ್ಯ, ಮತ್ತೊಂದರಲ್ಲಿ ಪ್ಯಾಕೆಟ್ ತಿಂಡಿ. ನಿನ್ನಷ್ಟೇ ದೊಡ್ಡ ಹುಡುಗಿಯೊಬ್ಬಳು ಬೇಗ ಸುಸ್ತಾಗುತ್ತಾಳೆ, ಅವಳಿಗೆ ಯಾವ ತಟ್ಟೆ ಕೊಡೋಣ? ಮಗು ತೋರಿಸಿದ ಮೇಲೆ, ಏಕೆ? ಈ ಏಕೆಗೆ ಬಂದ ಮಾತನ್ನು ತಿದ್ದದೆ, ಗ್ರಾಂಥಿಕಗೊಳಿಸದೆ, ಬಾಯಿಂದ ಬಂದಂತೆಯೇ ಬರೆದುಕೊಳ್ಳಬೇಕು. ಗಮನಿಸಿ, ನೀನು ಯಾವುದನ್ನು ತಿನ್ನುತ್ತೀ ಎಂದು ಇಲ್ಲಿ ಕೇಳಿಲ್ಲ. ಸರಿಯುತ್ತರ ಸದಾ ಒಂದೇ ಸ್ಥಾನದಲ್ಲಿ ಇರದಂತೆ ಚಿತ್ರಗಳ ಕ್ರಮವನ್ನು ಬದಲಿಸುತ್ತಿರಬೇಕು. ಯಾವಾಗಲೂ ಬಲಗಡೆಯದನ್ನೇ ತೋರಿಸುವ ಮಕ್ಕಳಿದ್ದಾರೆ, ಬಾಯಿಮಾತಿನಲ್ಲಿ ಆಯ್ಕೆ ಕೊಟ್ಟರೆ ಕೊನೆಗೆ ಕೇಳಿದ್ದನ್ನೇ ಹೇಳುವವರೂ ಇದ್ದಾರೆ.

ನಮ್ಮ ಶಾಲೆಗಳಲ್ಲಿ ಈಗ ನಡೆಯುತ್ತಿರುವ ಕಾರ್ಯಕ್ರಮಗಳಿಗೆ ಸಂಬಂಧಿಸಿದ ಒಂದೆರಡು ಪ್ರಶ್ನೆಗಳನ್ನು ಸೇರಿಸಿದರೆ ಉತ್ತರಗಳು ತಕ್ಷಣ ಉಪಯೋಗಕ್ಕೆ ಬರುತ್ತವೆ. 5ರಿಂದ 9 ವರ್ಷದವರಿಗೆ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಏಕೆ ಎಂದು ಕೇಳಿದರೆ ಜ್ವರಕ್ಕೆ ಎನ್ನುವ ಮಕ್ಕಳು ಇರುತ್ತಾರೆ. ಜ್ವರವಿಲ್ಲದ ದಿನ ಅವರು ಅದನ್ನು ಏಕೆ ನುಂಗಿಯಾರು? ಆ ಮಾತ್ರೆಯಿಂದ ಮಲ ಕಪ್ಪಾಗುವುದುಂಟು, ಅದರಿಂದ ಅಪಾಯವಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಹೆದರಿದ ಮಗು ಮುಂದಿನ ವಾರ ಮಾತ್ರೆಯನ್ನು ಕಿಟಕಿಯಿಂದ ಎಸೆಯುತ್ತದೆ, ತಾಯಿಯೂ ಅದನ್ನು ಸಮರ್ಥಿಸುತ್ತಾಳೆ. ಸಾರವರ್ಧಿತ ಅಕ್ಕಿಯದೂ ಇಂಥದೇ ಕಥೆ. 100 ಕಿಲೋ ಅಕ್ಕಿಗೆ ಒಂದು ಕಿಲೋದಂತೆ ಬೆರೆಸುವ ಆ ಕಾಳುಗಳಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಇರುತ್ತವೆ. ತೊಳೆಯುವಾಗ ಅವು ತೇಲುವುದನ್ನು ಕಂಡು ಪ್ಲಾಸ್ಟಿಕ್ ಅಕ್ಕಿ ಎಂಬ ವದಂತಿ ಹಬ್ಬಿದ್ದು, ಕೆಲವೆಡೆ ಅವನ್ನು ಆರಿಸಿ ಚೆಲ್ಲಿದ್ದು ನಮಗೆಲ್ಲ ತಿಳಿದಿದೆ. ಮಗು ಮನೆಯಲ್ಲಿ ಕೇಳಿದ್ದನ್ನೇ ನಮ್ಮ ಮುಂದೆ ಹೇಳುತ್ತದೆ. ಆ ಉತ್ತರ ತಪ್ಪಾಗಿದ್ದರೂ ನಮಗೆ ಅದಕ್ಕಿಂತ ಬೆಲೆಬಾಳುವ ಮಾಹಿತಿ ಇನ್ನೊಂದಿಲ್ಲ.

ತಿಳಿದದ್ದು ಬೇರೆ, ತಿಂದದ್ದು ಬೇರೆ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಹೊರತಂದ ಕೈಪಿಡಿಯು ಜ್ಞಾನ, ಮನೋಭಾವ, ಆಚರಣೆ ಎಂಬ ಮೂರನ್ನು ಪ್ರತ್ಯೇಕವಾಗಿ ಅಳೆಯುವ ಬಗೆಯನ್ನು ವಿವರಿಸುತ್ತದೆ. ನಮ್ಮ ಪ್ರಶ್ನಾವಳಿಗಳಲ್ಲಿ ಈ ಮೂರೂ ಕಲಸುಮೇಲೋಗರವಾಗಿರುತ್ತವೆ. ಮೊಟ್ಟೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮೊಟ್ಟೆ ತಿನ್ನಬೇಕು, ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಮೊಟ್ಟೆ ತಿನ್ನದ ಮನೆಯ ಮಗು ತಪ್ಪು ಎನ್ನುತ್ತದೆ. ಅದು ಆ ಮನೆಯ ರೂಢಿ, ಪೋಷಣೆಯ ಅಜ್ಞಾನವಲ್ಲ. ಅಂಥ ಮಗುವಿಗೆ ಶಾಲೆಯಲ್ಲಿ ಬಾಳೆಹಣ್ಣು ಕೊಡುವ ನಾವೇ ಹಾಳೆಯಲ್ಲಿ ಅದರ ಅಂಕ ಕಳೆಯುವುದು ವಿಚಿತ್ರ. ಮೊಟ್ಟೆಯಿಂದ ಮೈಗೆ ಏನು ಒಳ್ಳೆಯದಾಗುತ್ತದೆ ಎಂದು ಕೇಳಿದರೆ ತಿನ್ನುವ ಮಗುವೂ ತಿನ್ನದ ಮಗುವೂ ಸಮಾನವಾಗಿ ಉತ್ತರಿಸಬಲ್ಲವು.

ನಿನ್ನೆ ರಾತ್ರಿ ಏನು ಉಂಡೆ ಎಂಬ ಪ್ರಶ್ನೆಯನ್ನು ತರಗತಿಯ ಮಧ್ಯದಲ್ಲಿ ಕೇಳಲೇಬಾರದು. ಆ ಉತ್ತರದಲ್ಲಿ ಮನೆಯ ಬಡತನವಿದೆ, ಜಾತಿಯಿದೆ, ತಂದೆಗೆ ನಿನ್ನೆ ಕೂಲಿ ದೊರೆಯಿತೋ ಇಲ್ಲವೋ ಎಂಬುದಿದೆ. ಮಗು ಇದನ್ನು ಬಲ್ಲದು. ಆದ್ದರಿಂದ ಸುಳ್ಳು ಹೇಳುತ್ತದೆ. ಅಲ್ಲದೆ ಸುಮಾರು ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳು ಹಿಂದಿನ ದಿನ ತಿಂದದ್ದನ್ನು, ಅದರ ಪ್ರಮಾಣವನ್ನು, ನಂಬಬಹುದಾದ ರೀತಿಯಲ್ಲಿ ಸ್ಮರಿಸಲಾರರು. ಆಚರಣೆಯನ್ನು ತಿಳಿಯಬೇಕಾದರೆ ಪ್ರಶ್ನೆಗಿಂತ ಕಣ್ಣು ಉತ್ತಮ ಸಾಧನ. ಊಟದ ನಂತರ ತಟ್ಟೆಯ ಅಂಚಿನಲ್ಲಿ ಉಳಿದದ್ದನ್ನು ಒಂದು ವಾರ ನೋಡಿದರೆ ಸಾಕು: ಸೊಪ್ಪಿನ ಬಗ್ಗೆ ಸೊಗಸಾಗಿ ಉತ್ತರಿಸಿದ ಮಗುವಿನ ತಟ್ಟೆಯ ಅಂಚಿನಲ್ಲಿ ಸೊಪ್ಪಿನ ಎಲೆಗಳು ಸಾಲಾಗಿ ಅಂಟಿರುತ್ತವೆ. ಜ್ಞಾನದ ಅಂಕ ಹತ್ತು. ಹೊಟ್ಟೆಗೆ ಸೇರಿದ್ದು ಸೊನ್ನೆ. ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳತಕ್ಕದ್ದು, ಕೂಡಿ ಸರಾಸರಿ ತೆಗೆಯಬಾರದು.

ಇನ್ನೊಂದು ಸಂಗತಿ. ತರಗತಿಯ ಬಹುತೇಕ ಮಕ್ಕಳು ಕುಂಬಳಕಾಯಿಯನ್ನು ಗುರುತಿಸಲಿಲ್ಲ ಎಂದಿಟ್ಟುಕೊಳ್ಳೋಣ. ಪಾಠ ಸಾಲದು ಎಂದು ಬರೆಯುವ ಮೊದಲು ಈ ವರ್ಷ ಬಿಸಿಯೂಟದಲ್ಲಿ ಕುಂಬಳಕಾಯಿ ಎಷ್ಟು ಸಲ ಬಂದಿದೆ ಎಂದು ದಾಸ್ತಾನು ವಹಿಯಲ್ಲಿ ನೋಡಬೇಕು. ಆಲೂಗಡ್ಡೆ, ಟೊಮೆಟೊಗಳೇ ವಾರವಿಡೀ 50 ಗ್ರಾಂ ತರಕಾರಿಯ ಲೆಕ್ಕ ತುಂಬಿಸುತ್ತಿದ್ದರೆ ಮಕ್ಕಳ ಉತ್ತರಪತ್ರಿಕೆ ನಮ್ಮ ಅಡುಗೆ ಕೋಣೆಯ ಮೇಲಿನ ವರದಿಯಾಗಿದೆ.

ಅಳತೆಗೋಲನ್ನೇ ಅಳೆಯುವುದು

ಸಿದ್ಧಪಡಿಸಿದ ಪ್ರಶ್ನೆಗಳನ್ನು ನೇರವಾಗಿ ಬಳಸದೆ ಮೊದಲು ಹದಿನೈದು ಇಪ್ಪತ್ತು ಮಕ್ಕಳ ಮೇಲೆ ಪ್ರಯೋಗಿಸಿ ನೋಡಬೇಕು. ಎಲ್ಲರೂ ಸರಿಯಾಗಿ ಉತ್ತರಿಸಿದ ಪ್ರಶ್ನೆಯಿಂದಾಗಲಿ, ಒಬ್ಬರೂ ಉತ್ತರಿಸದ ಪ್ರಶ್ನೆಯಿಂದಾಗಲಿ ಹೊಸದೇನೂ ತಿಳಿಯುವುದಿಲ್ಲ. ಒಟ್ಟಾರೆ ಚೆನ್ನಾಗಿ ಬಲ್ಲ ಮಕ್ಕಳೇ ಒಂದು ಪ್ರಶ್ನೆಯಲ್ಲಿ ಹೆಚ್ಚು ತಪ್ಪುತ್ತಿದ್ದರೆ ದೋಷ ಪ್ರಶ್ನೆಯಲ್ಲಿದೆ. ಎರಡು ವಾರಗಳ ನಂತರ, ನಡುವೆ ಪಾಠ ಮಾಡದೆ, ಅದೇ ಮಕ್ಕಳಿಗೆ ಅದೇ ಪ್ರಶ್ನೆ ಕೇಳಿದಾಗ ಉತ್ತರಗಳು ಬಹುಮಟ್ಟಿಗೆ ಹಾಗೆಯೇ ಉಳಿದರೆ ಅಳತೆಗೋಲು ನಂಬಲರ್ಹ. ಇದಕ್ಕೆ 1937ರಲ್ಲಿ ಕ್ಯೂಡರ್ ಮತ್ತು ರಿಚರ್ಡ್‌ಸನ್ ಎಂಬಿಬ್ಬರು ರೂಪಿಸಿದ ಸೂತ್ರದಂಥ ಗಣಿತವೂ ಉಂಟು. ಡಯಟ್‌ನ ಉಪನ್ಯಾಸಕರ ನೆರವು ದೊರೆತರೆ ಅದನ್ನು ಬಳಸಬಹುದು. ದೊರೆಯದಿದ್ದರೆ ಇಬ್ಬರು ಶಿಕ್ಷಕರು ಒಂದೇ ಮಗುವಿನ ಉತ್ತರಕ್ಕೆ ಪ್ರತ್ಯೇಕವಾಗಿ ಅಂಕ ಹಾಕಿ ಹೋಲಿಸಿ ನೋಡುವುದಷ್ಟೇ ಅರ್ಧ ದೋಷಗಳನ್ನು ಹೊರಹಾಕುತ್ತದೆ.

ಪಾಠಕ್ಕೆ ಮುಂಚೆ ಮತ್ತು ನಂತರ ಅಳೆದು ಪ್ರಗತಿ ತೋರಿಸುವಾಗ ವಿಶೇಷ ಎಚ್ಚರ ಅಗತ್ಯ. ಒಂದು ಶಾಲೆಯಲ್ಲಿ ಸರಾಸರಿ ಅಂಕ 5ರಿಂದ 7ಕ್ಕೆ ಏರಿತು ಎಂದಿಟ್ಟುಕೊಳ್ಳೋಣ. ಅದೇ ಅವಧಿಯಲ್ಲಿ ಪಾಠ ನಡೆಯದ ಪಕ್ಕದ ಶಾಲೆಯಲ್ಲೂ 5 ಇದ್ದದ್ದು 6.5 ಆಗಿದ್ದರೆ, ಪಾಠದ ಫಲ 2 ಅಲ್ಲ, ಅರ್ಧ ಅಂಕ ಮಾತ್ರ. ಉಳಿದದ್ದು ಮಕ್ಕಳು ಆರು ತಿಂಗಳು ದೊಡ್ಡವರಾದದ್ದರ, ಪ್ರಶ್ನೆಗಳು ನೆನಪಿನಲ್ಲಿ ಉಳಿದದ್ದರ ಫಲ. ಆದಕಾರಣ ಹೋಲಿಕೆಗೆ ಒಂದು ಶಾಲೆಯನ್ನೂ, ಎರಡನೆಯ ಸುತ್ತಿಗೆ ಅದೇ ಮಟ್ಟದ ಬೇರೆ ಪ್ರಶ್ನೆಗಳನ್ನೂ ಇಟ್ಟುಕೊಳ್ಳುವುದು ಉಚಿತ. ಹೋಲಿಕೆಯ ಶಾಲೆಯ ಮಕ್ಕಳಿಗೆ ಅಳತೆ ಮುಗಿದ ಮೇಲೆ ಅದೇ ಪಾಠವನ್ನು ತಪ್ಪದೆ ಮಾಡಬೇಕೆಂಬುದನ್ನು ಮರೆಯಬಾರದು. ಅವರು ನಮ್ಮ ಲೆಕ್ಕಕ್ಕಾಗಿ ಕಾಯ್ದವರು.

ಫಲಿತಾಂಶವನ್ನು ಶಾಲೆಗೊಂದು ಶೇಕಡಾವಾರಾಗಿ ಇಳಿಸಿ, ಶಾಲೆಗಳನ್ನು ಸಾಲಾಗಿ ನಿಲ್ಲಿಸಿದೊಡನೆ ಮುಂದಿನ ವರ್ಷ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುವ ಕೆಲಸ ಆರಂಭವಾಗುತ್ತದೆ. ಅದರ ಬದಲು ಪ್ರಶ್ನೆವಾರು ಬರೆಯಿರಿ: ಮಾತ್ರೆಯ ಉದ್ದೇಶ 28 ಮಕ್ಕಳಲ್ಲಿ 9 ಮಂದಿಗೆ ತಿಳಿದಿತ್ತು, ಬೇಳೆಯನ್ನು 26 ಮಂದಿ ಗುರುತಿಸಿದರು, ಸೊಪ್ಪು ಏಕೆ ಎಂಬುದಕ್ಕೆ ಬಂದ ಕಾರಣಗಳು ಇವು ಎಂಬ ಮಾದರಿಯಲ್ಲಿ. ಹಾಳೆಗಳ ಮೇಲೆ ಮಗುವಿನ ಹೆಸರಿನ ಬದಲು ಕ್ರಮಸಂಖ್ಯೆ ಇರಲಿ. ಪೋಷಕರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದಿರಲಿ. ಹಾಳೆಗಳು ಶಾಲೆಯಲ್ಲಿಯೇ ಉಳಿಯಲಿ. ಎಸ್‌ಡಿಎಂಸಿ ಸಭೆಯಲ್ಲಿ ಈ ಉತ್ತರಗಳನ್ನು ಓದುವ ದಿನ ಮುಖ್ಯ ಅಡುಗೆಯವರನ್ನೂ ಕರೆಯಬೇಕು. ಮಕ್ಕಳು ಯಾವ ಸೊಪ್ಪನ್ನು ಹೆಸರು ಹಿಡಿದು ಗುರುತಿಸಿದರು, ಯಾವುದನ್ನು ಗುರುತಿಸಲಿಲ್ಲ ಎಂಬ ಪಟ್ಟಿ ಅವರ ಕೈಗೆ ಮೊದಲು ಸೇರತಕ್ಕದ್ದು. ಮರುದಿನದ ಸಾರಿಗೆ ಏನು ಬೀಳಬೇಕೆಂದು ನಿರ್ಧರಿಸುವವರು ಅವರೇ.